ಮನೆ ಮಗಳ ಫೋನಿಗೆ ಮಂಡಿಯ ಓಟಿಪಿ

ಲೆಕ್ಕದವಳು, ಶಿವಮೊಗ್ಗ

ಅಡಿಕೆ ಮಂಡಿಯೊಂದರಲ್ಲಿ ಒಂಬತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಬಿ.ಕಾಂ. ಮುಗಿಸಿ, ಟ್ಯಾಲಿ ಕಲಿತು ಸೇರಿದಾಗ ಸಂಬಳ 6,000, ಈಗ 19,500. ಕೆಲಸದ ಬಗ್ಗೆ ನನ್ನ ತಕರಾರಿಲ್ಲ. ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್). ಆ ಎರಡು ದಿನ ನನಗೆ ಏಕಾದಶಿ, ಊಟದ ನೆನಪೇ ಇರುವುದಿಲ್ಲ. ರಾತ್ರಿ ಎಂಟಾದರೂ ಮುಗಿಸಿಯೇ ಏಳುತ್ತೇನೆ. ಕೊಯ್ಲಿನ ಕಾಲದಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಬಗೆಬಗೆಯ ಅಡಿಕೆಯ ಚೀಲಗಳು ಬಾಗಿಲ ತನಕ ಬಂದು ಕೂತಾಗಲೂ, ಮಾರಾಟದ ಲೆಕ್ಕದ ಪಟ್ಟಿ ಕೈಗೆ ಬರಲಿಲ್ಲವೆಂದು ಯಾವ ರೈತರೂ ನನ್ನನ್ನು ಬೈದದ್ದಿಲ್ಲ.

ತಕರಾರು ನನ್ನ ಫೋನಿನದು.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ನಾನು ಸೇರಿ ಆರು ತಿಂಗಳಾಗಿತ್ತು. ಯಜಮಾನರ (ಮಂಡಿಯ ಯಜಮಾನರು, ಮನೆಯ ಯಜಮಾನರ ಮಾತು ಕೆಳಗೆ ಬರುತ್ತದೆ) ಕೈಯಲ್ಲಿ ಆಗ ಗುಂಡಿ ಒತ್ತುವ ಫೋನಿತ್ತು. “ನೋಂದಣಿಗೆ ನಿನ್ನ ನಂಬರನ್ನೇ ಹಾಕಮ್ಮ, ಮೆಸೇಜು ಓದಬೇಕಾದರೆ ನಾನು ಮೊದಲು ಕನ್ನಡಕ ಹುಡುಕಬೇಕು” ಎಂದರು. ಹಾಕಿದೆ. ಮರುವರ್ಷ ಬಿಲ್ ಪುಸ್ತಕ ಅಚ್ಚಿಗೆ ಹೋದಾಗ ಅದೇ ನಂಬರು “ಲೆಕ್ಕಪತ್ರ ವಿಚಾರಣೆಗೆ” ಎಂದು ಕೆಳಗೆ ಬಂದು ಕುಳಿತಿತು. ನನ್ನನ್ನು ಕೇಳಿರಲಿಲ್ಲ. ಅಂದಿನಿಂದ ರಾತ್ರಿ ಊಟದ ಹೊತ್ತಿಗೆ ತೀರ್ಥಹಳ್ಳಿ ಕಡೆಯಿಂದಲೋ ಹೊಸನಗರದ ಕಡೆಯಿಂದಲೋ ಫೋನು: “ಇವತ್ತು ರಾಶಿ ಎಷ್ಟಕ್ಕೆ ಹೋಯಿತಮ್ಮ? ನನ್ನ ಮುಂಗಡದಲ್ಲಿ ಬಾಕಿ ಎಷ್ಟು ಉಳಿದಿದೆ?”

ರೈತರ ಮೇಲೆ ನನಗೆ ಕೋಪವಿಲ್ಲ. ಅವರ ಕೈಗೆ ಕೊಟ್ಟ ಕಾಗದದಲ್ಲಿ ನಂಬರಿದೆ, ಮಾಡುತ್ತಾರೆ. ತಡೆಯಲಾರದ್ದು ಓಟಿಪಿ. ನಮ್ಮಲ್ಲಿ ದಲಾಲಿಯ ಜೊತೆಗೆ ಖರೀದಿಯೂ ಇದೆ, ನಾಗಪುರಕ್ಕೆ ಲಾರಿ ಹೋಗುತ್ತದೆ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ (ಸರಕು ಸಾಗಿಸುವಾಗ ಜೊತೆಗಿರಬೇಕಾದ ಆನ್‌ಲೈನ್ ಚೀಟಿ) ತಾಣಕ್ಕೆ ಎಲ್ಲ ವರ್ತಕರೂ ಓಟಿಪಿ ಕೊಟ್ಟೇ ಒಳಗೆ ಹೋಗಬೇಕು. ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಬಿಲ್ಲಿನ ಆಯುಷ್ಯ. ಅದು ಮುಗಿಯುವುದು ನಡುರಾತ್ರಿಗೆ. ವಿಸ್ತರಿಸಿಕೊಳ್ಳಲು ಅದರ ಹಿಂದೆ ಎಂಟು ಗಂಟೆ, ಮುಂದೆ ಎಂಟು ಗಂಟೆ. ಅಂದರೆ ಸಂಜೆ ನಾಲ್ಕರಿಂದ ಬೆಳಿಗ್ಗೆ ಎಂಟು. ಈ ನಿಯಮ ಬರೆದವರ ಮನೆಯಲ್ಲಿ ಯಾರೂ ಮಲಗುವುದಿಲ್ಲವೇನೋ.

ಕಳೆದ ನರಕ ಚತುರ್ದಶಿಯ ಬೆಳಗಿನ ಜಾವ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಸೊಲ್ಲಾಪುರದ ಹತ್ತಿರ ಲಾರಿ ಕೆಟ್ಟು ನಿಂತಿತ್ತು. ಯಜಮಾನರ ತಮ್ಮನ ಮಗ ಲ್ಯಾಪ್‌ಟಾಪ್ ತೆರೆದು ಕೂತು, “ಅಕ್ಕಾ, ಓಟಿಪಿ” ಎಂದ. ಎಣ್ಣೆಗೈಗೆ ಫೋನಿನ ಪರದೆ ತೆರೆದುಕೊಳ್ಳಲಿಲ್ಲ. ಸೆರಗಿಗೆ ಒರೆಸಿದೆ, ಆಗಲೂ ಇಲ್ಲ. ಕೊನೆಗೆ ಏಳು ವರ್ಷದ ಮಗಳೇ, ಹಣೆಯ ಮೇಲೆ ಎಣ್ಣೆ ಇಳಿಯುತ್ತಿರಲು, ಆರು ಅಂಕಿಗಳನ್ನು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದಳು. ಈಗ ಅವಳು ಗೊಂಬೆಗಳ ಜೊತೆ ಆಡುವ ಆಟದಲ್ಲಿ ಒಂದು ಗೊಂಬೆ ಇನ್ನೊಂದಕ್ಕೆ “ಬೇಗ ಹೇಳಿ, ಸಮಯ ಮುಗಿಯುತ್ತದೆ” ಎನ್ನುತ್ತದೆ.

ಇದಲ್ಲದೆ ಯಜಮಾನರ ಮನೆಯ ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್ಲು, ಮಗನ ಹಾಸ್ಟೆಲ್ ಶುಲ್ಕ, ತಿರುಪತಿಯ 300 ರೂಪಾಯಿ ದರ್ಶನದ ಟಿಕೆಟ್ಟು, ಎಲ್ಲವೂ ನನ್ನದೇ. ಯಾಕೆಂದರೆ ನಾನು “ಮನೆ ಮಗಳಿದ್ದ ಹಾಗೆ”. ಅದು ಬರೀ ಬಾಯಿಮಾತೂ ಅಲ್ಲ. ಹೆರಿಗೆ ನೋವು ಬಂದ ರಾತ್ರಿ ಒಂದೂವರೆಗೆ ಅವರ ಕಾರು ನಮ್ಮ ಬಾಗಿಲಿಗೆ ಬಂದಿತ್ತು. 2021ರಲ್ಲಿ ಮಾವನವರಿಗೆ ಕೋವಿಡ್ ಆದಾಗ 40,000 ಬಡ್ಡಿಯಿಲ್ಲದೆ ಕೊಟ್ಟರು. ತೀರಿಸಿದ್ದೇನೆ, ಆದರೆ ಕೊಟ್ಟ ಹೊತ್ತನ್ನು ತೀರಿಸಲಾದೀತೆ?

ನನ್ನ ಗಂಡ ಬಸ್ ಕಂಡಕ್ಟರ್. ಟಿಕೆಟ್ ಯಂತ್ರವನ್ನೂ ದುಡ್ಡನ್ನೂ ಡಿಪೋದಲ್ಲಿ ಒಪ್ಪಿಸಿ ಬಂದರೆ ಮುಗಿಯಿತು, ಬಸ್ಸು ಅವರ ಹಿಂದೆಯೇ ಮನೆಗೆ ಬರುವುದಿಲ್ಲ. “ಫೋನ್ ಆಫ್ ಮಾಡಿ ಮಲಗು” ಎನ್ನುತ್ತಾರೆ. ಲಾರಿ ದಂಡ ಕಟ್ಟಿದರೆ ಬೆಳಿಗ್ಗೆ ಯಜಮಾನರ ಮುಖ ನೋಡಬೇಕಾದವಳು ನಾನು.

ಕೆಲಸ ಬಿಡುವ ಮನಸ್ಸಿಲ್ಲ. ಮಾತು ಕೆಡದಂತೆ ಇದಕ್ಕೊಂದು ಬೇಲಿ ಹಾಕುವುದು ಹೇಗೆ? ಹೀಗೆ ಮಾಡಿ ಗೊತ್ತಿರುವವರು ಹೇಳಿ.

ತೆರಿಗೆ ಸಲಹೆಗಾರ, ದಾವಣಗೆರೆ

ಮೇಡಂ, ನಿಮ್ಮ ನಿದ್ದೆಯ ಮಾತು ಆಮೇಲೆ. ಮೊದಲು ಒಂದು ಪ್ರಶ್ನೆ: ಆ ನಂಬರು ನೋಂದಣಿಯಲ್ಲಿ ಯಾರ ಹೆಸರಿನ ಮುಂದೆ ಇದೆ? ಯಜಮಾನರೇ ಅಧಿಕೃತ ಸಹಿದಾರರಾಗಿದ್ದು ಅವರ ಹೆಸರಿನ ಮುಂದೆ ನಿಮ್ಮ ನಂಬರಿದ್ದರೆ, ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವಾಗ ನೀವು ಓದಿ ಹೇಳುವ ಆ ಆರು ಅಂಕಿ ಬರೀ ಬೀಗದ ಕೈ ಅಲ್ಲ, ಅವರ ಸಹಿ. ಕಾಗದದ ಮೇಲಾಗಿದ್ದರೆ ಯಜಮಾನರ ಸಹಿಯನ್ನು ನೀವು ಹಾಕುತ್ತಿದ್ದಿರಾ? ನಾಳೆ ಯಾವುದೋ ಬಿಲ್ಲಿನ ಬಗ್ಗೆ ನೋಟಿಸು ಬಂದು, “ನಾನು ನೋಡಿಯೇ ಇಲ್ಲ, ಓಟಿಪಿ ಅವಳ ಫೋನಿಗೆ ಹೋಗುತ್ತದೆ” ಎಂದು ಅವರು ಹೇಳಿದರೆ ನಿಮ್ಮ ಹತ್ತಿರ ಏನು ಉತ್ತರವಿದೆ?

ನಾನೇ ಈ ತಪ್ಪು ಮಾಡಿದವನು. 2017ರಲ್ಲಿ ಗಡಿಬಿಡಿಯಲ್ಲಿ ಎಷ್ಟೋ ಅಂಗಡಿಗಳಿಗೆ ನನ್ನ ನಂಬರನ್ನೇ ಹಾಕಿಬಿಟ್ಟೆ. ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು, ತಾಂತ್ರಿಕ ತೊಂದರೆಯಿಂದಲ್ಲ, ನನ್ನ ದಾಕ್ಷಿಣ್ಯದಿಂದ.

ಕೆಲಸ ಸುಲಭ. ಜಿಎಸ್‌ಟಿ ತಾಣದ ನೋಂದಣಿ ತಿದ್ದುಪಡಿಯಲ್ಲಿ ನಾನ್-ಕೋರ್ ವಿಭಾಗಕ್ಕೆ ಹೋಗಿ, ಅಧಿಕೃತ ಸಹಿದಾರರ ಮೊಬೈಲ್ ಮತ್ತು ಇಮೇಲ್ ಬದಲಿಸಿ. ಹೊಸ ನಂಬರಿಗೆ ಓಟಿಪಿ ಬರುತ್ತದೆ, ಆದ್ದರಿಂದ ಯಜಮಾನರು ಪಕ್ಕದಲ್ಲಿರಲಿ, ಕನ್ನಡಕದ ಸಮೇತ. ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಾದ ತಿದ್ದುಪಡಿ ಅಲ್ಲ ಇದು. ಇ-ವೇ ಬಿಲ್ ತಾಣದಲ್ಲಿ ಉಪ ಬಳಕೆದಾರರನ್ನು ಮಾಡಿಕೊಳ್ಳಬಹುದು. ಆ ತಮ್ಮನ ಮಗನಿಗೆ ಅವನದೇ ಹೆಸರು, ಅವನದೇ ಪಾಸ್‌ವರ್ಡ್ ಕೊಡಿ, ಓಟಿಪಿ ಅವನ ಫೋನಿಗೇ ಬರುತ್ತದೆ. ಸೊಲ್ಲಾಪುರದ ಲಾರಿಗೆ ಅವನು ಎದ್ದಿರಲಿ.

ಐಟಿಯವನು, ಬೆಂಗಳೂರು

ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಕೆಲಸದ ವೇಳೆ ಮುಗಿದ ಮೇಲೆ ಬರುವ ಕರೆಗೆ ಉತ್ತರಿಸದಿರುವುದು ನೌಕರರ ಹಕ್ಕು. ಫ್ರಾನ್ಸಿನಲ್ಲಿ 2017ರಿಂದಲೇ ಇಂಥ ಕಾನೂನಿದೆ. ಅದು ದೂರದ ಮಾತು ಎನ್ನುವುದಾದರೆ, ನಮ್ಮದೇ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ: ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದಕ್ಕೆ ಮೇಲ್ಪಟ್ಟದ್ದಕ್ಕೆ ದುಪ್ಪಟ್ಟು ದರದ ಸಂಬಳ. ಒಂಬತ್ತು ವರ್ಷದ ರಾತ್ರಿಗಳನ್ನು ಲೆಕ್ಕ ಹಾಕಿ ಮುಂದಿಡಿ. ಲೆಕ್ಕ ನಿಮಗೆ ಬರುತ್ತದಲ್ಲ.

ಲೆಕ್ಕದವಳು, ಶಿವಮೊಗ್ಗ

ಸಲಹೆಗಾರರೇ, ನೀವು ಹೇಳಿದ್ದನ್ನು ಓದಿ ಕೈ ತಣ್ಣಗಾಯಿತು. ನಿನ್ನೆ ತೆಗೆದು ನೋಡಿದೆ: ಅವರ ಹೆಸರು, ನನ್ನ ನಂಬರು. ಸಹಿ ಎಂಬ ಯೋಚನೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಬೆಂಗಳೂರಿನವರೇ, ನಿಮ್ಮ ಕಾಯ್ದೆ ಸರಿ. ಆದರೆ ನಮ್ಮ ಮಂಡಿಯಲ್ಲಿ ಹಮಾಲರನ್ನು ಬಿಟ್ಟರೆ ಇರುವವರು ಐದು ಜನ. ಮಧ್ಯಾಹ್ನ ಒಂದೇ ಕೋಣೆಯಲ್ಲಿ ಬುತ್ತಿ ಬಿಚ್ಚುತ್ತೇವೆ, ಯಜಮಾನರ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ ನನ್ನ ತಟ್ಟೆಯಲ್ಲಿರುತ್ತದೆ. ಅದನ್ನು ನೆಕ್ಕುತ್ತಾ 1961ರ ಕಾಯ್ದೆಯನ್ನು ಹೇಗೆ ತೆಗೆಯಲಿ?

ಮಂಡಿಯವನು, ಶಿರಸಿ ಕಡೆ

ತಂಗಿ, ನಾನು ಆ ಕಡೆಯ ಕುರ್ಚಿಯಲ್ಲಿ ಕೂರುವವನು. ಒಂದು ಸತ್ಯ ಹೇಳುತ್ತೇನೆ, ನನ್ನ ಗುಮಾಸ್ತರು ಇದನ್ನು ಓದದಿರಲಿ. ನಾವು “ಮನೆಯವನಿದ್ದ ಹಾಗೆ” ಎನ್ನುವುದು ಪ್ರೀತಿಯಿಂದ ಹೌದು, ಸಂಬಳ ಏರಿಸುವ ಮಾತು ಬಂದಾಗ ಇನ್ನೂ ಸ್ವಲ್ಪ ಹೆಚ್ಚು ಪ್ರೀತಿಯಿಂದ.

ಹೆರಿಗೆಯ ರಾತ್ರಿ ಕಾರು ಕಳಿಸಿದ್ದು ಉಪಕಾರ. ಅದನ್ನು ಓಟಿಪಿಯ ಖಾತೆಗೆ ಜಮೆ ಹಾಕಬೇಡ. ಎರಡೂ ಬೇರೆ ಪುಟ. ಅವರ ಮನೆಯಲ್ಲಿ ಕಷ್ಟವಾದ ದಿನ ನೀನೂ ಓಡಿ ಹೋಗುತ್ತೀಯಲ್ಲ, ಆ ಪುಟ ಅಲ್ಲಿ ಸರಿದೂಗುತ್ತದೆ.

ಅಡಿಕೆಯ ದರ ನಿಗದಿಯಾಗುವ ಟೆಂಡರಿನ ಹೊತ್ತಿನಲ್ಲಿ ಮಾತ್ರ ಈ ಮಾತು ತೆಗೆಯಬೇಡ, ಆಗ ನಮಗೆ ಹೆಂಡತಿ ಹೇಳಿದ್ದೂ ಕೇಳಿಸುವುದಿಲ್ಲ. ರಜೆಯ ಹಿಂದಿನ ಸಂಜೆ, ಗಲ್ಲಾಪೆಟ್ಟಿಗೆ ತಾಳೆಯಾದ ಮೇಲೆ ಹೇಳು. “ನನಗೆ ಕಷ್ಟವಾಗುತ್ತಿದೆ” ಎಂದು ಶುರು ಮಾಡಿದರೆ ನಾವು ಸಮಾಧಾನ ಹೇಳಿ ಕಳಿಸುತ್ತೇವೆ. “ನಿಮ್ಮ ಸಹಿ ನನ್ನ ಫೋನಿನಲ್ಲಿದೆ, ಇದು ನಿಮಗೆ ಒಳ್ಳೆಯದಲ್ಲ” ಎಂದು ನೋಡು. ನನಗೆ ಯಾರಾದರೂ ಹಾಗೆ ಹೇಳಿದರೆ ಅವತ್ತು ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಬದಲಿ ದಾರಿಯನ್ನೂ ಬರೆದುಕೊಂಡು ಹೋಗು.

ನರ್ಸಕ್ಕ, ಹಾಸನ

ಶಿರಸಿಯ ಅಣ್ಣನವರು ಚೆನ್ನಾಗಿ ಹೇಳಿದರು, ಆದರೆ ನನಗೊಂದು ಉರಿ. ತೊಂದರೆ ಅನುಭವಿಸುವವಳೂ ಅವಳೇ, ಒಳ್ಳೆಯ ಮುಹೂರ್ತ ನೋಡುವವಳೂ ಅವಳೇ, ಪರಿಹಾರ ಬರೆದುಕೊಂಡು ಹೋಗುವವಳೂ ಅವಳೇ, ಅದೂ ಯಜಮಾನರ ಲಾಭದ ಭಾಷೆಯಲ್ಲಿ! “ನನ್ನ ಮಗಳ ತಲೆಗೆ ಎಣ್ಣೆ ಹಚ್ಚುವ ಹೊತ್ತು ನನ್ನದು” ಎಂದರೆ ಸಾಲದೇ? ಅಕ್ಕ, ಉಳಿದದ್ದನ್ನು ಅವರ ಭಾಷೆಯಲ್ಲೇ ಹೇಳು. ಆ ಒಂದು ವಾಕ್ಯವನ್ನು ಮಾತ್ರ ನಿನ್ನ ಭಾಷೆಯಲ್ಲಿ ಹೇಳಿ ಬಾ.

ಲೆಕ್ಕದವಳು, ಶಿವಮೊಗ್ಗ (ಹದಿನೇಳು ದಿನಗಳ ನಂತರ)

ಆಯಿತು. ಪೂರ್ತಿ ಅಲ್ಲ, ಆದರೆ ಆಯಿತು.

ಶನಿವಾರ ಸಂಜೆ, ನಗದು ತಾಳೆಯಾದ ಮೇಲೆ, ಶಿರಸಿಯವರು ಹೇಳಿದಂತೆ ಸಹಿಯ ಮಾತು ತೆಗೆದೆ. ಯಜಮಾನರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು. “ಇಷ್ಟು ವರ್ಷ ಯಾಕೆ ಹೇಳಲಿಲ್ಲ?” ಎಂದು ನನ್ನನ್ನೇ ಕೇಳಿದರು. ಅದಕ್ಕೆ ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಸೋಮವಾರ ಬೆಳಿಗ್ಗೆ ಹೊಸ ಸಿಮ್ ಬಂತು, ಮಂಡಿಯ ಹೆಸರಿಗೆ. ಜಿಎಸ್‌ಟಿ ತಾಣದಲ್ಲಿ ನಂಬರು ಬದಲಾಗಲು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಒಂಬತ್ತು ವರ್ಷ!

ತಮ್ಮನ ಮಗನಿಗೆ ಇ-ವೇ ಬಿಲ್ಲಿನ ಉಪ ಬಳಕೆದಾರನ ಪಟ್ಟ ಕಟ್ಟಿದ್ದೇವೆ. ಮೊದಲ ವಾರವೇ ರಾತ್ರಿ ಹನ್ನೊಂದೂಕಾಲಿಗೆ ಫೋನ್ ಮಾಡಿದ. “ಓಟಿಪಿ ನಿನಗೇ ಬಂದಿದೆಯಲ್ಲಪ್ಪ” ಎಂದೆ. “ಬಂದಿದೆ ಅಕ್ಕ, ಅಭ್ಯಾಸಬಲ” ಎಂದ.

ಗ್ಯಾಸು ಮತ್ತು ಕರೆಂಟು ಇನ್ನೂ ನನ್ನ ಹತ್ತಿರವೇ ಇವೆ. ಹಗಲಿನಲ್ಲಿ ಮುಗಿಯುವ ಕೆಲಸ, ನಾನೇ ಬಿಟ್ಟುಕೊಟ್ಟೆ. ತಿರುಪತಿಯ ಟಿಕೆಟ್ಟು ಮಾತ್ರ ಆಗುವುದಿಲ್ಲ ಎಂದೆ. ಯಜಮಾನರು ಏನೂ ಅನ್ನಲಿಲ್ಲ, ಅಮ್ಮನವರ ಮುಖ ಎರಡು ದಿನ ಗಂಟಾಗಿತ್ತು. ಮೂರನೆಯ ದಿನ ಉಪ್ಪಿನಕಾಯಿ ಮತ್ತೆ ಬಂತು.

ನರ್ಸಕ್ಕ, ನಿನ್ನ ವಾಕ್ಯವನ್ನೂ ಹೇಳಿದೆ, ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ, ಅವರ ಮುಖ ನೋಡದೆ. “ಹೌದಲ್ಲ, ಹಬ್ಬದ ದಿನ” ಎಂದಷ್ಟೇ ಅಂದರು.

ಬಿಲ್ ಪುಸ್ತಕಗಳದ್ದು ಬೇರೆಯೇ ಕತೆ. ಹದಿನಾಲ್ಕು ಪುಸ್ತಕ ಅಚ್ಚಾಗಿ ಬಿದ್ದಿವೆ, ಎಸೆಯಲು ಯಜಮಾನರಿಗೆ ಮನಸ್ಸಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕುಳಿತು ಒಂದೊಂದು ಹಾಳೆಯಲ್ಲೂ ನನ್ನ ನಂಬರಿನ ಮೇಲೆ ಗೀಟು ಹಾಕಿ, ಪಕ್ಕದಲ್ಲಿ ಹೊಸ ನಂಬರಿನ ಮೊಹರು ಒತ್ತುತ್ತಿದ್ದೇನೆ. ಮೂರು ಪುಸ್ತಕ ಮುಗಿದಿವೆ. ನಿನ್ನೆ ಯಜಮಾನರೇ ಮೊಹರು ಹಿಡಿದು ಪಕ್ಕದಲ್ಲಿ ಕೂತಿದ್ದರು. ನಾನು ಗೀಟು, ಅವರು ಮೊಹರು. ಹತ್ತರಲ್ಲಿ ನಾಲ್ಕು ತಲೆಕೆಳಗಾಗಿವೆ.