ಕೆರೆ ಏರಿಯ ವೀರಗಲ್ಲು ಅಳಿಸಿಹೋಗುತ್ತಿದೆ, ಮೊಬೈಲಲ್ಲೇ ಸ್ಕ್ಯಾನ್ ಮಾಡಬಹುದಾ?

ಕೆರೆಏರಿ:
ನಮ್ಮೂರು ಬೇಲೂರು ತಾಲ್ಲೂಕು. ಕೆರೆ ಏರಿ ಪಕ್ಕ ಒಂದು ವೀರಗಲ್ಲಿದೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಪಟ್ಟಿಗಳ ಮಧ್ಯೆ ನಾಲ್ಕೈದು ಸಾಲು ಹಳಗನ್ನಡ. ನಾನು ಚಿಕ್ಕವನಿದ್ದಾಗ ಬೆರಳಿಟ್ಟರೆ ಅಕ್ಷರ ತಿಳಿಯುತ್ತಿತ್ತು. ಈಗ ಎಣ್ಣೆ, ಅರಿಶಿನ, ಯಾರೋ ಬಳಿದ ಪೇಂಟ್ ಎಲ್ಲ ಸೇರಿ ಕಾಣೋದೇ ಕಷ್ಟ. ಜಾತ್ರೆಗೆ ಮುಂಚೆ ತಂತಿ ಬ್ರಷ್ ಹಾಕಿ ಉಜ್ಜೋಣ ಅಂತ ಊರಲ್ಲಿ ಮಾತಾಡುತ್ತಿದ್ದಾರೆ, ಕೇಳಿ ಸಂಕಟವಾಯಿತು. ಅಷ್ಟರೊಳಗೆ ತ್ರಿಡಿ ಮಾಡಿಡಬಹುದಾ?

ಬಳಪದಕಲ್ಲು:
ಮೊದಲು ಆ ಬ್ರಷ್ ನಿಲ್ಲಿಸಿ ಸರ್, ಹೇಗಾದರೂ ಮಾಡಿ. ಉಜ್ಜಿದರೆ ಅಕ್ಷರದ ಅಂಚೇ ಹೋಗುತ್ತದೆ, ಆಮೇಲೆ ಯಾವ ಸ್ಕ್ಯಾನರ್ ತಂದರೂ ಬರಲ್ಲ.

ಮೊಬೈಲ್ ಸಾಕು. ಮೋಡ ಇರುವ ದಿನ ಹೋಗಿ, ಬಿಸಿಲಿದ್ದರೆ ಎಣ್ಣೆ ಹೊಳೆದು ಕೆಡುತ್ತದೆ. ಕಲ್ಲಿನ ಸುತ್ತ ಸ್ವಲ್ಪಸ್ವಲ್ಪವೇ ಸರಿಯುತ್ತಾ, ಒಂದು ಫೋಟೋದಲ್ಲಿ ಬಂದದ್ದರಲ್ಲಿ ಮುಕ್ಕಾಲು ಭಾಗ ಮುಂದಿನದರಲ್ಲೂ ಬರುವ ಹಾಗೆ ನೂರಿನ್ನೂರು ಫೋಟೋ ತೆಗೆಯಿರಿ, ಬರಹದ ಸಾಲುಗಳನ್ನು ಇನ್ನೂ ಹತ್ತಿರದಿಂದ. ಪಕ್ಕದಲ್ಲೊಂದು ಅಳತೆಪಟ್ಟಿ ಇಡಿ. ಫೋನಿನ ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸೆನ್ಸರ್) ನಂಬಬೇಡಿ, ಸಣ್ಣ ಅಕ್ಷರಕ್ಕೆ ಅದು ಸಾಲದು. ಮೆಶ್‌ರೂಮ್ ಉಚಿತ ಸಾಫ್ಟ್‌ವೇರ್, ಫೋಟೋಗಳಿಂದ ತ್ರಿಡಿ ಮಾದರಿ ಅದೇ ಕಟ್ಟುತ್ತದೆ, ಆದರೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು.

ನಿಜವಾದ ಲಾಭ ಆಮೇಲಿದೆ. ಮಾದರಿಯ ಬಣ್ಣ ತೆಗೆದು ಬರೀ ಆಳ ನೋಡಬಹುದು. ಅರಿಶಿನ, ಕುಂಕುಮದ ಕಲೆ ಮಾಯ, ಕೊರೆದದ್ದು ಮಾತ್ರ ಉಳಿಯುತ್ತದೆ. ಬೆಳಕನ್ನು ಯಾವ ಕಡೆಯಿಂದ ಬೇಕಾದರೂ ಬೀಳಿಸಬಹುದು. ಪೇಂಟ್ ದಪ್ಪಗೆ ತುಂಬಿಕೊಂಡ ಕಡೆ ಮಾತ್ರ ಏನೂ ಸಿಗಲ್ಲ, ಸ್ಕ್ಯಾನ್ ಮೇಲ್ಮೈಯನ್ನಷ್ಟೇ ಹಿಡಿಯುತ್ತದೆ.

ಮಲೆನಾಡ_ಹುಡುಗಿ:
ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒರಗಿಸಿದ ಹಾಗೆ ಪಕ್ಕದಿಂದ ಹಿಡಿದೂ ನೋಡಿ ಅಣ್ಣ, ನೆರಳಲ್ಲಿ ಅಕ್ಷರ ಎದ್ದು ಬರುತ್ತವೆ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ ತುಂಬಬೇಡಿ.

ಇನ್ನೊಂದು, ಈ ಶಾಸನವನ್ನು ಆಗಲೇ ಯಾರಾದರೂ ಓದಿರಬಹುದು. ಶಾಸನತಜ್ಞ ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ 5ನೇ ಸಂಪುಟ ಹಾಸನ ಜಿಲ್ಲೆಯದ್ದು, 1902ರದ್ದು, ತಾಲ್ಲೂಕುವಾರು ನಂಬರ್ ಕೊಟ್ಟಿದ್ದಾರೆ. ನಿಮ್ಮೂರ ಹೆಸರು ಹುಡುಕಿ. ಸಿಕ್ಕಿದರೆ ಆಗ ಓದಿ ಅಚ್ಚು ಹಾಕಿದ ಶಾಸನಪಾಠವನ್ನು ನಿಮ್ಮ ಮಾದರಿ ಪಕ್ಕ ಇಟ್ಟು ನೋಡಿ, ಯಾವ ಅಕ್ಷರ ಹೋಗಿದೆ, ರೈಸ್ ಕಾಲದಲ್ಲಿ ಎಲ್ಲಿ ತಪ್ಪಾಗಿ ಓದಿರಬಹುದು ಎರಡೂ ತಿಳಿಯುತ್ತದೆ. ಬೆಂಗಳೂರಿನ ಶಾಸನಗಳನ್ನು ಅಲ್ಲಿನ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವರು 2021ರಿಂದ ತ್ರಿಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಅದನ್ನೂ ಒಮ್ಮೆ ನೋಡಿ.

ಕೆರೆಏರಿ:
ತುಂಬಾ ಉಪಕಾರವಾಯಿತು. ಊರ ಹಿರಿಯರಿಗೆ ಬ್ರಷ್ ಬೇಡ ಅಂತ ಹೇಳಿದೆ, ಜಾತ್ರೆ ತನಕ ಮುಟ್ಟಲ್ಲ ಅಂದಿದ್ದಾರೆ. ನಾಳೆ ಮೋಡ ಇದ್ದರೆ ಬೆಳಗ್ಗೆಯೇ ಹೋಗುತ್ತೇನೆ.