ಡಾಕ್ಟರನ್ನು ಕೇಳಿ: ಸ್ಮೋಕಿಂಗ್ ರೂಮಿನ ಹೊಗೆ, ಕಾನೂನು, ಹೃದಯಾಘಾತ

ಸುಮಾ: ಡಾಕ್ಟ್ರೇ, ನನಗೀಗ ಐದು ತಿಂಗಳು. ಆಫೀಸಲ್ಲಿ ನನ್ನ ಸೀಟು ಸ್ಮೋಕಿಂಗ್ ರೂಮಿನ ಬಾಗಿಲ ಪಕ್ಕ. ಒಳಗೆ ಏರ್ ಪ್ಯೂರಿಫೈಯರ್ ಇದೆ, ಏನೂ ಆಗಲ್ಲ ಅಂತಾರೆ. ಹೌದಾ?

ಡಾಕ್ಟರ್: ಇಲ್ಲಮ್ಮ, ಇವತ್ತೇ ಸೀಟು ಬದಲಿಸಿಕೊಳ್ಳಿ. ಪ್ಯೂರಿಫೈಯರಿನ ಹೆಪಾ ಫಿಲ್ಟರ್ ಹಿಡಿಯೋದು ಕಣಗಳನ್ನ. ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್ ಅನಿಲ ಹಾಗೇ ದಾಟುತ್ತೆ. ಅದು ತಾಯಿ, ಮಗು ಇಬ್ಬರ ರಕ್ತದಲ್ಲೂ ಆಮ್ಲಜನಕದ ಜಾಗ ಹಿಡಿಯುತ್ತೆ. ಬಾಗಿಲು ತೆಗೆದಾಗೆಲ್ಲ ಒಳಗಿನ ಗಾಳಿ ಹೊರಬರೋರ ಬೆನ್ನಿಗೇ ಬರುತ್ತೆ. ನೋಡಬೇಕಾದ್ರೆ ಟಿಶ್ಯೂ ಪೇಪರಿನ ತೆಳು ಪಟ್ಟಿಯನ್ನ ಮುಚ್ಚಿದ ಬಾಗಿಲಿನ ಕೆಳಸಂದಿಗೆ ಹಿಡಿಸಿ (ನೀವು ಹಿಡೀಬೇಡಿ, ಬೇರೆಯವರಿಗೆ ಹೇಳಿ). ಪಟ್ಟಿ ಹೊರಕ್ಕೆ ಬಾಗಿದ್ರೆ ಹೊಗೆ ಸೋರ್ತಿದೆ. ಒಳಕ್ಕೆ ಬಾಗಿದ್ರೂ ನಿಶ್ಚಿಂತೆ ಬೇಡ: ಆ ರೂಮಿಗೂ ನಿಮ್ಮ ಸೀಟಿನ ಕಡೆಗೂ ಎಸಿ ಡಕ್ಟ್ (ಗಾಳಿ ಕೊಳವೆ) ಒಂದೇ ಆಗಿದ್ರೆ ಹೊಗೆ ತಲೆ ಮೇಲಿಂದ ಇಳಿಯುತ್ತೆ. ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಷೇಧದ ಕಾನೂನು ಜಾರಿಯಾದ ಕಡೆಗಳ ಅಧ್ಯಯನ ಒಟ್ಟು ಮಾಡಿ 2014ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಅವಧಿಗೆ ಮುಂಚಿನ ಹೆರಿಗೆ ಸುಮಾರು 10% ಇಳಿದಿತ್ತು.

ಕಿರಣ್: ಕಿಟಕಿ ತೆಗೆದಿಟ್ಟು ಸೇದಿದ್ರೆ ಓಕೆನಾ ಸರ್?

ಡಾಕ್ಟರ್: ಇಲ್ಲ.

ವಸಂತ: ಫಾರ್ವರ್ಡ್ ಬಂದದ್ದು: 3 ದಿನದಲ್ಲಿ ಶ್ವಾಸಕೋಶ ತೊಳೆಯುವ ಕಷಾಯ. ಸುಮಾ ಅವರಿಗೆ ಉಪಯೋಗ ಆಗಬಹುದು.

ಡಾಕ್ಟರ್: ಕುಡಿದದ್ದು ಹೊಟ್ಟೆಗೆ ಹೋಗುತ್ತೆ. ಶ್ವಾಸಕೋಶಕ್ಕೆ ಹೋದ್ರೆ ಐಸಿಯು. ಗರ್ಭಿಣಿಗೆ ಏನು ಬೆರೆಸಿದ್ದಾರೋ ಗೊತ್ತಿಲ್ಲದ ಕಷಾಯ ಹೇಳಬೇಡಿ, ದಯವಿಟ್ಟು ಅಳಿಸಿ.

ರಾಘು: ನಿಷೇಧದಿಂದ ಹೃದಯಾಘಾತ 40% ಇಳಿಯಿತು ಅಂತಾರಲ್ಲ, ಶುದ್ಧ ಬುರುಡೆ. ಅಮೆರಿಕದ ಹೆಲೆನಾ ಊರಿನ 2002ರ ಆರು ತಿಂಗಳ ಲೆಕ್ಕ ಅದು. 40 ಕೇಸು 24 ಆಯ್ತು, ಅಷ್ಟೇ.

ಶೈಲಜಾ: ಅಲ್ಲಿಗೇ ನಿಂತ್ರಾ? ಸ್ಕಾಟ್ಲೆಂಡ್‌ನಲ್ಲಿ 2006ರಲ್ಲಿ ಕಾನೂನು ಬಂದ ಮೇಲೆ ಒಂಬತ್ತು ಆಸ್ಪತ್ರೆಗಳಲ್ಲಿ ದಾಖಲಾತಿ 17% ಇಳಿಯಿತು. ಆಗಿನ್ನೂ ಕಾನೂನಿಲ್ಲದ ಇಂಗ್ಲೆಂಡ್‌ನಲ್ಲಿ 4%.

ರಾಘು: 2007ರಲ್ಲಿ ಇಂಗ್ಲೆಂಡಿಗೂ ಬಂತಲ್ಲ, ಅಲ್ಲಿ ಇಳಿದದ್ದು 2.4%. ಅದನ್ನ ಹೇಳಲ್ಲ.

ಶೈಲಜಾ: ಆ 2.4% ಅಂದ್ರೆ ಮೊದಲ ವರ್ಷವೇ ಸುಮಾರು 1,200 ತುರ್ತು ದಾಖಲಾತಿ. ಕಾನೂನಿಗೆ ಮುಂಚಿನಿಂದಲೇ ಆಗುತ್ತಿದ್ದ ಇಳಿಕೆಯ ಪಾಲು ಕಳೆದು ಉಳಿದದ್ದು ಅದು. ಅರ್ಧ ಓದಿ ವಾದಕ್ಕೆ ಬರಬೇಡಿ.

ರಾಘು: ಹೊರಗೆ ನಿಷೇಧಿಸಿದ್ರೆ ಮನೇಲಿ, ಮಕ್ಕಳ ಮುಂದೆ ಸೇದ್ತಾರೆ ಮೇಡಂ.

ಡಾಕ್ಟರ್: ಆ ಭಯ ನಿಜವಾಗಲಿಲ್ಲ. ಸ್ಕಾಟ್ಲೆಂಡ್‌ನಲ್ಲಿ ವರ್ಷಕ್ಕೆ 5.2% ಏರುತ್ತಿದ್ದ ಮಕ್ಕಳ ಆಸ್ತಮಾ ದಾಖಲಾತಿ, ಕಾನೂನಿನ ಬಳಿಕ ವರ್ಷಕ್ಕೆ 18.2% ಇಳಿಯಿತು. ಇಬ್ಬರೂ ಸಾಕು ಮಾಡಿ.

ನವೀನ್: ವೇಪ್‌ಗೂ ಇದೇನಾ ಸರ್?

ಪವಿತ್ರಾ: ಕಿಟಕಿ ತೆಗೆದು, ಫ್ಯಾನೂ ಹಾಕಿದ್ರೆ?

ಡಾಕ್ಟರ್: ಪವಿತ್ರಾ, ಕಿಟಕಿ ವಿಷಯ ಮೇಲೆ ಹೇಳಿದೀನಿ, ಓದ್ರೀ.

ಸುಮಾ: ಸರ್, ಸೀಟು ಬದಲಿಲ್ಲವಂತೆ, ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿಸ್ತಾರಂತೆ.

ಡಾಕ್ಟರ್: ಅದು ಮುಚ್ಚಿದ ಬಾಗಿಲಿಗೆ ಮಾತ್ರ. ನಿಮ್ಮ ಪ್ರಸೂತಿ ತಜ್ಞರ ಹತ್ರ ಸೀಟು ಬದಲಿಗೆ ಪತ್ರ ಬರೆಸಿಕೊಳ್ಳಿ. ಡಕ್ಟ್ ಒಂದೇನಾ, ಕೇಳಿದ್ರಾ?