ಪವರ್ ಫ್ಯಾಕ್ಟರ್ 0.72: ಕೆಪಾಸಿಟರ್ ಹಾಕಿಸಿದವರು ಅನುಭವ ಹೇಳಿ

ಭೋಸರಿಯಿಂದ: ನಮ್ಮ ಪ್ರೆಸ್ ಶಾಪ್‌ಗೆ ಹೈ ಟೆನ್ಷನ್ ಸಂಪರ್ಕವಿದೆ. ಪವರ್ ಫ್ಯಾಕ್ಟರ್, ಅಂದರೆ ಎಳೆಯುವ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.72. ಅದನ್ನು ಏರಿಸಲು ಸದಾ ಲೈನಿನಲ್ಲಿರುವ ಸ್ಥಿರ ಕೆಪಾಸಿಟರ್ ಸಾಕೇ, ಹೊರೆಗೆ ತಕ್ಕಂತೆ ಕೆಪಾಸಿಟರ್‌ಗಳನ್ನು ತಾನೇ ಸೇರಿಸಿ ಬಿಡಿಸುವ ಎಪಿಎಫ್‌ಸಿ ಪ್ಯಾನೆಲ್ ಬೇಕೇ? ಪುಣೆಯ ಕನ್ನಡಿಗರು ದಯವಿಟ್ಟು ತಿಳಿಸಿ.

ಚಾಕಣದಿಂದ: ನಾನು ಪೆಟ್ಟು ತಿಂದದ್ದು ರಾತ್ರಿ ಹೊತ್ತಿನಲ್ಲಿ. 75 ಕೆವಿಎಆರ್ ಸಾಮರ್ಥ್ಯದ ಸ್ಥಿರ ಕೆಪಾಸಿಟರ್, ಕೇಬಲ್ ಸೇರಿ 41,300 ರೂಪಾಯಿ. ಹಗಲು ಮೀಟರ್ 0.98 ತೋರಿಸುತ್ತಿತ್ತು, ಊರೆಲ್ಲ ಹೇಳಿಕೊಂಡು ಬಂದೆ. ರಾತ್ರಿ ಯಂತ್ರಗಳು ನಿಂತ ಮೇಲೂ ಕೆಪಾಸಿಟರ್ ಲೈನಿನಲ್ಲೇ ಉಳಿದು ಪವರ್ ಫ್ಯಾಕ್ಟರ್ ಲೀಡಿಂಗ್‌ಗೆ, ಅಂದರೆ ಸರಿಪಡಿಸಿದ್ದು ಹೆಚ್ಚಾಗಿ ಎದುರು ದಿಕ್ಕಿಗೆ, ಹೋಗುತ್ತಿತ್ತು. ಮಹಾರಾಷ್ಟ್ರದಲ್ಲಿ ನಮಗೆ 2020ರ ಏಪ್ರಿಲ್‌ನಿಂದ ಕೆವಿಎಎಚ್ ಲೆಕ್ಕದ ಬಿಲ್ಲು, ಅಂದರೆ ಕೆಲಸಕ್ಕೆ ಬಂದದ್ದಕ್ಕಷ್ಟೇ ಅಲ್ಲ, ಎಳೆದ ಒಟ್ಟು ವಿದ್ಯುತ್ತಿಗೆ. ಅದರಲ್ಲಿ ಮೋಟರ್‌ಗಳ ಲ್ಯಾಗ್‌ಗೂ ಕೆಪಾಸಿಟರ್‌ನ ಲೀಡ್‌ಗೂ ವಜಾ ಇಲ್ಲ, ಎರಡೂ ಕೂಡಿಕೊಳ್ಳುತ್ತವೆ. ಮೂರು ತಿಂಗಳು ಮದ್ದೇ ರೋಗವಾಯಿತು. ಕಣ್ಣು ಮುಚ್ಚಿಕೊಂಡು ಪ್ಯಾನೆಲ್ ಹಾಕಿಸಿ.

ಪಿಂಪ್ರಿಯಿಂದ: ಕಣ್ಣು ಮುಚ್ಚಿಕೊಂಡೇ ನಾನು ಕೆಟ್ಟದ್ದು! ಪ್ಯಾನೆಲ್‌ಗೆ 1,38,000 ಕೊಟ್ಟೆ. ಐದನೆಯ ತಿಂಗಳು ಬಾಗಿಲು ತೆಗೆದರೆ ಸುಟ್ಟ ವಾಸನೆ. ನಾಲ್ಕು ಕೆಪಾಸಿಟರ್ ಕ್ಯಾನ್‌ಗಳ ಮುಚ್ಚಳ ಉಬ್ಬಿ ಟರ್ಮಿನಲ್‌ಗಳು ಮೇಲೆದ್ದಿದ್ದವು, ಅವನ್ನು ಲೈನಿಗೆ ಸೇರಿಸುವ ಒಂದು ಸ್ವಿಚ್ಚು, ಕಾಂಟ್ಯಾಕ್ಟರ್, ಅಂಟಿಕೊಂಡೇ ಕೂತಿತ್ತು. ಬದಲಿಸಲು 26,400. ಕಾರಣ ನಮ್ಮ ವಿಎಫ್‌ಡಿಗಳು, ಅಂದರೆ ಮೋಟರ್ ವೇಗ ಬದಲಿಸುವ ಡ್ರೈವ್‌ಗಳು, ಎಬ್ಬಿಸುವ ಹಾರ್ಮೋನಿಕ್ಸ್ (50 ಹರ್ಟ್ಸ್ ಲೈನಿನಲ್ಲಿ ಅದರ ಮಡಿಗಳ ಅಲೆಗಳು), ಅದರಲ್ಲೂ ಐದನೆಯದು, 250 ಹರ್ಟ್ಸ್. ಆಮೇಲೆ ಆ ಅಲೆಗಳಿಂದ ಕೆಪಾಸಿಟರ್ ಕಾಯುವ ಸುರುಳಿಗಳಿಗೆ, ಶೇ 7ರ ರಿಯಾಕ್ಟರ್‌ಗಳಿಗೆ, 61,000. ಗುತ್ತಿಗೆದಾರ ಹಾರ್ಮೋನಿಕ್ಸ್ ಮೊದಲೇ ಅಳೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಚಾಕಣದಿಂದ: ನಮ್ಮಲ್ಲಿ ಒಂದೂ ಡ್ರೈವ್ ಇಲ್ಲ. ನಿಮ್ಮ ಕಷ್ಟವನ್ನು ಎಲ್ಲರ ತಲೆಗೆ ಕಟ್ಟಬೇಡಿ.

ಪಿಂಪ್ರಿಯಿಂದ: ಭೋಸರಿಯವರ ಬಳಿ ಇದೆಯೋ ಇಲ್ಲವೋ ಕೇಳಿದಿರಾ? ಕೇಳದೆ ಸಲಹೆ ಕೊಟ್ಟವರು ನೀವು.

ಹಡಪ್ಸರದಿಂದ: ಇಬ್ಬರೂ ಮೋಟರ್ ಕಡೆ ನೋಡಲೇ ಇಲ್ಲ. ನಮ್ಮಲ್ಲಿ 20 ಅಶ್ವಶಕ್ತಿಯ ಮೋಟರ್ 7ರ ಕೆಲಸ ಮಾಡುತ್ತಿತ್ತು. ಹೊರೆ ಇಳಿದರೂ ಇಂಡಕ್ಷನ್ ಮೋಟರ್ ಕಾಂತಕ್ಷೇತ್ರಕ್ಕಾಗಿ ಎಳೆಯುವ ಕರೆಂಟ್ ಹೆಚ್ಚೇನೂ ಇಳಿಯುವುದಿಲ್ಲ, ಪವರ್ ಫ್ಯಾಕ್ಟರ್ ಬೀಳುವುದೇ ಅಲ್ಲಿ. 10ರದ್ದು ಕೂರಿಸಿದೆ. ನಾನು ಮಾಡಿದ್ದೇ ಸರಿ.

ಪಿಂಪ್ರಿಯಿಂದ: ಖರ್ಚು ಬರೆಯಿರಿ.

ಹಡಪ್ಸರದಿಂದ: ಮೋಟರ್, ಪುಲ್ಲಿ, ಬೇಸ್ ಪ್ಲೇಟ್ ಸೇರಿ 52,700. ಎರಡು ದಿನ ಕೆಲಸ ನಿಂತಿತು. ಹಳೆಯದನ್ನು ಗುಜರಿಗೆ ಹಾಕಿದ್ದರಿಂದ 9,000 ಬಂತು.

ಚಾಕಣದಿಂದ: ಒಂದು ಮೋಟರ್‌ಗೆ! ನಮ್ಮಲ್ಲಿ ಹದಿನಾಲ್ಕು ಇವೆ.